ಅಪ್ಪನಿಗೆ, ಬಸ್ರಾದ ಆ ಹುಡುಗನ ವಿಷಯ

ಸಾಲ್ಸ್‌ಬರಿ, ಇಂಗ್ಲೆಂಡ್

ಪ್ರೀತಿಯ ಅಪ್ಪ,

ನಮಸ್ಕಾರ. ನಾವೆಲ್ಲ ಇಲ್ಲಿ ಆರಾಮವಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಿ.

ಮೊನ್ನೆ ಫೋನಿನಲ್ಲಿ ಇರಾಕ್‌ಗೆ ಹೋಗಿದ್ದ ಬ್ರಿಟಿಷ್ ಸೈನಿಕರ ಮಾತು ಬಂದು ಇಬ್ಬರ ದನಿಯೂ ಜೋರಾಯಿತು. ಅವರು ಸೆರೆಯಾಳುಗಳನ್ನು ಹಿಂಸಿಸಿದರು ಅನ್ನುವ ಕೇಸುಗಳೆಲ್ಲ ವಕೀಲರು ದುಡ್ಡಿಗಾಗಿ ಹೆಣೆದ ಕಥೆ, ಯುದ್ಧಕ್ಕೆ ಕಳಿಸಿದ ಮೇಲೆ ಸಿಪಾಯಿಯನ್ನ ಕೋರ್ಟಿಗೆ ಎಳೆಯಬಾರದು ಅಂದಿರಿ. ಅಷ್ಟು ವರ್ಷ ಯೂನಿಫಾರ್ಮ್ ಹಾಕಿದವರ ಎದುರು ಏನು ವಾದ ಮಾಡೋದು ಅಂತ ಸುಮ್ಮನಾದೆ. ಫೋನಿಟ್ಟ ಮೇಲೆ ತಡೆಯಲಾಗಲಿಲ್ಲ. ಅದಕ್ಕೇ ಈ ಕಾಗದ.

ವಕೀಲರ ವಿಷಯ ನೀವು ಹೇಳಿದ್ದರಲ್ಲಿ ನಿಜ ಇಲ್ಲದಿಲ್ಲ. ಇಂಥ ಕೇಸುಗಳನ್ನು ರಾಶಿ ರಾಶಿ ತಂದ ಒಬ್ಬ ವಕೀಲನನ್ನು ಅಪ್ರಾಮಾಣಿಕತೆಗಾಗಿ 2017ರಲ್ಲಿ ವೃತ್ತಿಯಿಂದಲೇ ತೆಗೆದುಹಾಕಿದರು. ಸೆರೆ ಸಿಕ್ಕ ಇರಾಕಿಗಳನ್ನು ಶಿಬಿರಕ್ಕೆ ಒಯ್ದು ಕೊಂದರು ಅನ್ನುವ ಒಂದು ದೊಡ್ಡ ಆರೋಪ ಸುಳ್ಳು ಅಂತ 2014ರಲ್ಲಿ ಅಲ್-ಸ್ವೀಡಿ ವಿಚಾರಣೆ, ಅಂದರೆ ಅದಕ್ಕೆಂದೇ ಸರ್ಕಾರ ನಡೆಸಿದ ಬಹಿರಂಗ ವಿಚಾರಣೆ, ಹೇಳಿತು. ಅದೇ ವರದಿ, ಆ ಸೆರೆಯಾಳುಗಳನ್ನು ಕೆಲವು ರೀತಿಯಲ್ಲಿ ಕೆಟ್ಟದಾಗಿ ನಡೆಸಿಕೊಂಡಿದ್ದು ನಿಜ ಅಂತಲೂ ಹೇಳಿತು. ನಿಮ್ಮ ವಾಟ್ಸಾಪ್ ಗುಂಪಿಗೆ ಮೊದಲ ಅರ್ಧ ಮಾತ್ರ ಬಂದಿದೆ.

ಆದರೆ ಬಾಹಾ ಮೂಸಾನದು ಕಟ್ಟುಕಥೆ ಅಲ್ಲ ಅಪ್ಪ. 26 ವರ್ಷದ ಹುಡುಗ, ಇರಾಕಿನ ಬಸ್ರಾದಲ್ಲಿ ಒಂದು ಹೋಟೆಲಿನ ರಿಸೆಪ್ಷನಿಸ್ಟ್. ಹೆಂಡತಿ ಕ್ಯಾನ್ಸರ್‌ನಿಂದ ಹೋಗಿದ್ದಳು, ಇಬ್ಬರು ಪುಟ್ಟ ಗಂಡುಮಕ್ಕಳಿದ್ದರು. 2003ರ ಸೆಪ್ಟೆಂಬರ್ 14ರ ಬೆಳಗ್ಗೆ ಕ್ವೀನ್ಸ್ ಲ್ಯಾಂಕಾಶೈರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಆ ಹೋಟೆಲಿನಲ್ಲಿ ಶೋಧ ನಡೆಸಿತು. ಬಂದೂಕುಗಳು ಸಿಕ್ಕವು. ಅಲ್ಲಿದ್ದವರನ್ನು ಹಿಡಿದುಕೊಂಡು ಹೋದರು. ಅವನ ಅಪ್ಪ ಇರಾಕಿ ಪೊಲೀಸ್ ಇಲಾಖೆಯಲ್ಲಿ ಕರ್ನಲ್. ಮಗನನ್ನು ನೆಲದ ಮೇಲೆ ಮಲಗಿಸಿದ್ದನ್ನು ಕಣ್ಣಾರೆ ನೋಡಿದ್ದರು. ಆಮೇಲೆ ಅವರು ಮಗನನ್ನು ನೋಡಿದ್ದು ಹೆಣ ಗುರುತಿಸಲು ಕರೆದಾಗ.

ನಡುವೆ 36 ಗಂಟೆ. ಅದರಲ್ಲಿ ಹೆಚ್ಚುಕಡಿಮೆ 24 ಗಂಟೆ ಅವನ ತಲೆಗೆ ಮರಳು ತುಂಬುವ ಗೋಣಿಚೀಲ ಕವುಚಿದ್ದರು. ಬಸ್ರಾದ ಸೆಪ್ಟೆಂಬರ್ ಸೆಕೆ, ಕೈಗೆ ಪ್ಲಾಸ್ಟಿಕ್ ಪಟ್ಟಿಯ ಕೋಳ, ಮಂಡಿ ಬಗ್ಗಿಸಿ ಕೈ ಮುಂದೆ ಚಾಚಿ ನಿಲ್ಲಬೇಕು. ಕೈ ಇಳಿಸಿದರೆ, ಕಣ್ಣು ಮುಚ್ಚಿದರೆ ಏಟು. ಡೊನಾಲ್ಡ್ ಪೇನ್ ಅನ್ನುವ ಕಾರ್ಪೊರಲ್ ಸೆರೆಯಾಳುಗಳಿಗೆ ಸಾಲಾಗಿ ಒಬ್ಬೊಬ್ಬರಿಗೆ ಹೊಡೆಯುತ್ತಿದ್ದ. ಅವರು ನರಳುವುದಕ್ಕೆ 'ಕಾಯರ್', ಅಂದರೆ ಹಾಡುವ ಮೇಳ, ಅಂತ ಹೆಸರಿಟ್ಟು ನೋಡಲು ಬಂದವರಿಗೆ ತೋರಿಸುತ್ತಿದ್ದ. ಹೌದು, ನೋಡಲು ಬರುವವರಿದ್ದರು. 15ರ ರಾತ್ರಿ ಬಾಹಾ ಸತ್ತ. ಮೈಮೇಲೆ 93 ಗಾಯ.

ನಾನು ಡಾಕ್ಟರ್ ಆಗಿರೋದರಿಂದ ಈ ಪ್ರಕರಣದ ಒಬ್ಬ ಮನುಷ್ಯ ನನ್ನನ್ನು ಜಾಸ್ತಿ ಕಾಡುತ್ತಾನೆ. ಬೆಟಾಲಿಯನ್ನಿನ ವೈದ್ಯ. ಇನ್ನೂ ಚಿಕ್ಕ ವಯಸ್ಸು, ಆ ಕೆಲಸಕ್ಕೆ ಹೊಸಬ. ಬಾಹಾ ಕುಸಿದಾಗ ಓಡಿಬಂದು ಎದೆ ಒತ್ತಿ ಬದುಕಿಸಲು ಪ್ರಯತ್ನಪಟ್ಟ. ಅದರಲ್ಲಿ ಅವನು ಕೈಲಾದದ್ದೆಲ್ಲ ಮಾಡಿದ ಅಂತ ಮುಂದೆ ವೈದ್ಯರ ನ್ಯಾಯಮಂಡಳಿಯೂ ಒಪ್ಪಿತು. ಆದರೆ ಮೂಗಿನ ಹತ್ತಿರ ಒಣಗಿದ ರಕ್ತ ಬಿಟ್ಟರೆ ಬೇರೆ ಗಾಯ ಕಾಣಲಿಲ್ಲ ಅಂತ ಹೇಳಿದ. ಎದೆ ಒತ್ತುವಾಗ ಮೈ ಕಾಣದೆ ಇರುತ್ತಾ? ಸರಿಯಪ್ಪ, ಆ ಗಡಿಬಿಡಿಯಲ್ಲಿ ಕಾಣಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಸತ್ತ ಮೇಲೆ ದೇಹ ಪರೀಕ್ಷಿಸಬೇಕಿತ್ತು. ಉಳಿದ ಒಂಬತ್ತು ಜನ ಇನ್ನೂ ಅದೇ ಕಟ್ಟಡದಲ್ಲಿದ್ದರು, ಅವರನ್ನು ಕಾಪಾಡಬೇಕಿತ್ತು, ಮೇಲಿನವರಿಗೆ ಹೇಳಬೇಕಿತ್ತು. ಯಾವುದನ್ನೂ ಮಾಡಲಿಲ್ಲ. 2012ರ ಡಿಸೆಂಬರ್‌ನಲ್ಲಿ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಿದರು. ಬೆಟಾಲಿಯನ್ನಿನ ಪಾದ್ರಿಯೂ ಅಲ್ಲಿಗೆ ಹೋಗಿದ್ದ. ಸೆರೆಯಾಳುಗಳ ಸ್ಥಿತಿ ನೋಡಿಯೂ ಬಾಯಿ ಬಿಡಲಿಲ್ಲ.

ಈಗ ನಿಮ್ಮ ಕೋರ್ಟಿನ ಮಾತಿಗೆ ಬರುತ್ತೇನೆ. ಕೋರ್ಟ್ ಮಾರ್ಷಲ್ ನಡೆದದ್ದು ಬುಲ್‌ಫರ್ಡ್ ಶಿಬಿರದಲ್ಲಿ. ನಮ್ಮ ಊರಿಗೆ ಹತ್ತಿರವೇ, ಆ ಕಡೆ ಕಾರಿನಲ್ಲಿ ಆಗಾಗ ಹೋಗುತ್ತಿರುತ್ತೇವೆ. ಕಮಾಂಡಿಂಗ್ ಆಫೀಸರ್ ಸೇರಿ ಏಳು ಜನರ ಮೇಲೆ ಆರೋಪ. ಅಮಾನವೀಯವಾಗಿ ನಡೆಸಿಕೊಂಡಿದ್ದನ್ನು ಪೇನ್ ಒಬ್ಬನೇ ಒಪ್ಪಿಕೊಂಡ. ಯುದ್ಧಾಪರಾಧ ಒಪ್ಪಿಕೊಂಡ ಮೊದಲ ಬ್ರಿಟಿಷ್ ಸೈನಿಕ ಅವನೇ. 2007ರ ಏಪ್ರಿಲ್‌ನಲ್ಲಿ ಒಂದು ವರ್ಷ ಜೈಲು, ಸೇನೆಯಿಂದ ವಜಾ. ಉಳಿದ ಆರು ಜನ ಬಿಡುಗಡೆಯಾದರು. ಸಾಕ್ಷಿ ಹೇಳಲು ಬಂದವರಿಗೆ ಏನೂ ನೆನಪಿರಲಿಲ್ಲ. ಸೈನಿಕರು ಒಬ್ಬರನ್ನೊಬ್ಬರು ಕಾಪಾಡಲು ಒಂದಾಗಿದ್ದಾರೆ ಅಂತ ನ್ಯಾಯಾಧೀಶರೇ ಬಾಯಿಬಿಟ್ಟು ಹೇಳಿದರು. ನೀವು ಹೇಳಿದಂತೆ ಸಿಪಾಯಿಗಳನ್ನ ಕೋರ್ಟಿಗೆ ಎಳೆದದ್ದು ಹೌದು. ಎಳೆದು ಸಿಕ್ಕಿದ್ದು ಇಷ್ಟು.

ಮುಂದಿನ ವರ್ಷ ರಕ್ಷಣಾ ಇಲಾಖೆ ತಪ್ಪೊಪ್ಪಿಕೊಂಡು ಬಾಹಾನ ಮನೆಯವರಿಗೂ ಆ ಒಂಬತ್ತು ಜನರಿಗೂ ಸೇರಿಸಿ 28.3 ಲಕ್ಷ ಪೌಂಡ್ ಕೊಟ್ಟಿತು. ಆಮೇಲೆ ಸರ್ ವಿಲಿಯಂ ಗೇಜ್ ಅನ್ನುವ ನಿವೃತ್ತ ನ್ಯಾಯಾಧೀಶರ ಕೈಯಲ್ಲಿ ಬಹಿರಂಗ ವಿಚಾರಣೆ. ಇಲ್ಲಿ ಒಂದು ಷರತ್ತಿತ್ತು: ನೀನು ಹೇಳಿದ್ದನ್ನು ನಿನ್ನ ಮೇಲೇ ಕೇಸು ಹಾಕಲು ಬಳಸುವುದಿಲ್ಲ. ಆ ಅಭಯ ಸಿಕ್ಕ ಮೇಲೆ ಬಾಯಿಗಳು ತೆರೆದವು. ಮೊದಲು ಹೇಳಿದ್ದು ಸುಳ್ಳು, ಹೊಡೆದವರು ತುಂಬ ಜನ ಅಂತ ಪೇನ್ ಈಗ ಹೇಳಿದ. ನಿಜ ಹೊರಗೆ ಬಂತು, ಆದರೆ ಆ ನಿಜದಿಂದ ಮತ್ತೆ ಯಾರೂ ಜೈಲಿಗೆ ಹೋಗಲಿಲ್ಲ. ಇದು ಸರಿಯಾ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಬೇರೆ ದಾರಿ ಇತ್ತಾ ಅಂದರೆ, ಬುಲ್‌ಫರ್ಡ್‌ನಲ್ಲಿ ಆದದ್ದು ನೋಡಿದ ಮೇಲೆ, ಇರಲಿಲ್ಲ ಅಂತಲೇ ಹೇಳಬೇಕು.

2011ರ ಸೆಪ್ಟೆಂಬರ್‌ನಲ್ಲಿ ಬಂದ ಆ ವರದಿಯ ಒಂದು ಭಾಗವನ್ನು ನೀವು ಓದಲೇಬೇಕು. ತಲೆಗೆ ಚೀಲ ಹಾಕುವುದು, ನೋವಾಗುವಂತೆ ನಿಲ್ಲಿಸುವುದು, ಕಿವಿಗೆ ಸದ್ದು ತುಂಬುವುದು, ನಿದ್ದೆ ಕೆಡಿಸುವುದು, ಅನ್ನ ನೀರು ಕೊಡದಿರುವುದು. ಈ ಐದನ್ನೂ ಉತ್ತರ ಐರ್ಲೆಂಡಿನಲ್ಲಿ ಬಳಸಿ ಗಲಾಟೆಯಾಗಿ, 1972ರಲ್ಲೇ ಪ್ರಧಾನಿ ಎಡ್ವರ್ಡ್ ಹೀತ್ ಪಾರ್ಲಿಮೆಂಟಿನಲ್ಲಿ ನಿಂತು ಇನ್ನು ವಿಚಾರಣೆಗೆ ಇವನ್ನು ಬಳಸುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಇರಾಕಿಗೆ ಸೇನೆ ಹೊರಡುವ ಹೊತ್ತಿಗೆ ಆ ನಿಷೇಧ ರಕ್ಷಣಾ ಇಲಾಖೆಯ ನೆನಪಿನಿಂದಲೇ ಹೋಗಿತ್ತು. ಸೈನಿಕರಿಗೆ ಕೊಡುವ ತರಬೇತಿಯಲ್ಲೂ ಅದು ಸರಿಯಾಗಿ ಇರಲಿಲ್ಲ. ಯುದ್ಧ ಶುರುವಾದ ಹೊಸದರಲ್ಲಿ ಸೇನೆಯದೇ ಕಾನೂನು ಅಧಿಕಾರಿಯೊಬ್ಬರು ಸೆರೆಯಾಳುಗಳ ತಲೆ ಮೇಲೆ ಚೀಲ ನೋಡಿ ಆಕ್ಷೇಪ ಎತ್ತಿದ್ದರು. ಜನರಲ್ ಒಬ್ಬರು ಚೀಲ ಹಾಕಬೇಡಿ ಅಂತ ಹೇಳಿಯೂ ಇದ್ದರು, ಆದರೆ ಬಾಯಿಮಾತಿನಲ್ಲಿ. ಪಡೆಗಳು ಬದಲಾದಾಗ ಆ ಮಾತು ಹೊಸಬರಿಗೆ ಸರಿಯಾಗಿ ದಾಟಲಿಲ್ಲ. ಮೇಲಿಂದ ಕೆಳಗೆ ಬರುವಾಗ ಆದೇಶ ಹೇಗೆ ಸವೆಯುತ್ತೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಅದಕ್ಕೇ ನನ್ನ ತಕರಾರು ನಿಮ್ಮ ತಕರಾರಿಗೆ ಪೂರ್ತಿ ಉಲ್ಟಾ ಅಲ್ಲ. ಸಿಪಾಯಿಯನ್ನ ಬಿಟ್ಟುಬಿಡಿ ಅಂತ ನೀವು ಹೇಳುತ್ತೀರಿ. ಸಿಪಾಯಿಯ ಹತ್ತಿರವೇ ನಿಂತುಬಿಡಬೇಡಿ ಅಂತ ನಾನು ಹೇಳುತ್ತೇನೆ. ಪೇನ್ ಮಾಡಿದ್ದಕ್ಕೆ ಒಂದು ವರ್ಷ ತೀರಾ ಕಡಿಮೆಯಾಯಿತು. ಆದರೆ 1972ರ ನಿಷೇಧವನ್ನು ಮರೆತ ದೊಡ್ಡ ದೊಡ್ಡ ಕುರ್ಚಿಗಳಿಗೆ ಒಂದು ದಿನವೂ ಆಗಲಿಲ್ಲ. ವರದಿ ಅದಕ್ಕೆ ಇಡೀ ಸಂಸ್ಥೆಯ ವೈಫಲ್ಯ ಅಂತ ಹೆಸರು ಕೊಟ್ಟಿತು. ಸಂಸ್ಥೆಗೆ ಕೋಳ ಹಾಕೋದು ಹೇಗೆ ಹೇಳಿ.

ಗೇಜ್ 73 ಶಿಫಾರಸು ಮಾಡಿದರು, ಸರ್ಕಾರ ಒಂದು ಬಿಟ್ಟು ಉಳಿದದ್ದೆಲ್ಲ ಒಪ್ಪಿತು. ಒಪ್ಪದ ಆ ಒಂದು, ಸೆರೆಯಾಳುಗಳ ಮೇಲೆ ಕೂಗಾಡಿ ಹೆದರಿಸುವ ಪದ್ಧತಿ ನಿಲ್ಲಿಸಿ ಅನ್ನುವುದು! ಇರಾಕಿನ ಉಳಿದ ಸಾವಿರಾರು ದೂರುಗಳಿಗೆ ಮಾಡಿದ್ದ ತನಿಖಾ ತಂಡವನ್ನು 2017ರಲ್ಲಿ ಮುಚ್ಚಿದರು, ಒಬ್ಬರ ಮೇಲೂ ಮೊಕದ್ದಮೆ ನಡೆಯಲಿಲ್ಲ. 2020ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್, ಬ್ರಿಟಿಷ್ ಸೈನಿಕರು ಯುದ್ಧಾಪರಾಧ ಮಾಡಿದ್ದಾರೆ ಅಂತ ನಂಬಲು ಆಧಾರ ಇದೆ ಅಂದರು. ಅಷ್ಟು ಹೇಳಿ ಫೈಲು ಮುಚ್ಚಿದರು.

ಮುಂದಿನ ಸಲ ಜಗಳ ಬೇಡ, ನನಗೊಂದು ಉತ್ತರ ಬೇಕು. ನೀವು ಹವಾಲ್ದಾರರಾಗಿದ್ದವರು. ಆ ಕಟ್ಟಡದ ಬಾಗಿಲಲ್ಲಿ ಕಾವಲಿಗೆ ನಿಂತ ಹದಿನೆಂಟು ಹತ್ತೊಂಬತ್ತರ ಹುಡುಗ, ಒಳಗೆ ತನ್ನ ಕಾರ್ಪೊರಲ್ಲೇ ಹೊಡೆಯುತ್ತಿರೋದನ್ನ ನೋಡುತ್ತಾನೆ ಅಂತ ಇಟ್ಟುಕೊಳ್ಳಿ. ಡಾಕ್ಟರೂ ಪಾದ್ರಿಯೂ ಬಂದು ನೋಡಿ ಸುಮ್ಮನೆ ಹೋಗಿದ್ದಾರೆ. ಅವನು ಯಾರ ಹತ್ತಿರ ಹೋಗಿ ಹೇಳಬೇಕು? ಹೇಳಿದ ಮೇಲೆ ಅದೇ ಬ್ಯಾರಕ್‌ನಲ್ಲಿ ಮಲಗೋದು ಹೇಗೆ? ಇದಕ್ಕೆ ವರದಿಗಿಂತ ನಿಮ್ಮ ಉತ್ತರವೇ ನನಗೆ ಹೆಚ್ಚು. ಫೋನಿನಲ್ಲಿ ಬೇಡ, ಬರೆದು ಕಳಿಸಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು