ಶಾಲು ಹೊದಿಸುವ ಮೊದಲು ತಾಯಿ ಕಾರ್ಡ್ ನೋಡು

ಪ್ರಿಯ ಮಂಜು,

ಮುಂದಿನ ಗ್ರಾಮಸಭೆಯಲ್ಲಿ ಊರಿನ ಆಶಾ ಕಾರ್ಯಕರ್ತೆಯರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ಬರೆದಿದ್ದೀಯ. ಖಂಡಿತ ಮಾಡಿ, ಅವರಿಗೆ ಸಲ್ಲಬೇಕಾದದ್ದೇ. ಆದರೆ 2020ರಲ್ಲಿ ಕೊರೊನಾ ವಾರಿಯರ್ಸ್ ಎಂದು ಹೂಮಳೆ ಸುರಿಸಿಕೊಂಡವರೇ ಆ ಜುಲೈನಲ್ಲಿ 12,000 ರೂಪಾಯಿ ಗೌರವಧನಕ್ಕಾಗಿ, ಸುರಕ್ಷಾ ಸಾಮಗ್ರಿಗಾಗಿ ಕೆಲಸ ನಿಲ್ಲಿಸಬೇಕಾಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಕೊಟ್ಟರು. ಆಗಸ್ಟ್‌ನಲ್ಲಿ ಅದೇ ಮಾತನ್ನು ನೆನಪಿಸಲು ಆಶಾಗಳು ಮತ್ತೆ ಧರಣಿ ಕೂರಬೇಕಾಯಿತು. ಹಾಗಾಗಿ ನಿಮ್ಮ ಸಭೆಯಿಂದ ಶಾಲಿನ ಜೊತೆಗೆ ಒಂದು ಕಾಗದವೂ ಹೊರಡಲಿ.

ಮೊದಲು ಅವರ ದುಡ್ಡು ಎಲ್ಲಿ ಸೋರುತ್ತದೆಂದು ತಿಳಿದುಕೊ. ಜನವರಿಯಲ್ಲಿ ಆ ಭರವಸೆ ಸಿಕ್ಕಾಗ ರಾಜ್ಯದ ಗೌರವಧನ ತಿಂಗಳಿಗೆ 5,000 ಇತ್ತು. ಕೇಂದ್ರದ ಮಾಸಿಕ ಪ್ರೋತ್ಸಾಹಧನ 2,000 ಇದ್ದದ್ದನ್ನು 3,500ಕ್ಕೆ ಏರಿಸಿರುವುದಾಗಿ 2025ರಲ್ಲಿ ಘೋಷಣೆಯಾಯಿತು. ಉಳಿದದ್ದೆಲ್ಲ ಕೆಲಸಕ್ಕಿಷ್ಟು ಎಂಬ ಲೆಕ್ಕ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ತೂಕ, ಜ್ವರ, ಉಸಿರಾಟ, ಹೊಕ್ಕುಳು, ಹಾಲುಣಿಸುವ ರೀತಿ ಎಲ್ಲವನ್ನೂ ಪರೀಕ್ಷಿಸಿ ನಮೂನೆ ತುಂಬಬೇಕು. ಆರೂ ಭೇಟಿಗೆ ಸೇರಿ 250 ರೂಪಾಯಿ. ಅಂದರೆ ಒಂದು ಭೇಟಿಗೆ 42 ರೂಪಾಯಿಯೂ ಇಲ್ಲ, ತೋಟದ ಮನೆಗೆ ಆಟೋ ಹಿಡಿದರೆ ಅದೂ ಖಾಲಿ. ಜನನ ನೋಂದಣಿ ಆಗಿರಬೇಕು, ಲಸಿಕೆ ಬಿದ್ದಿರಬೇಕು ಎಂಬ ಷರತ್ತುಗಳು ಬೇರೆ. 42 ದಿನದವರೆಗೆ ತಾಯಿ ಮಗು ಇಬ್ಬರೂ ಕ್ಷೇಮವಾಗಿರಬೇಕೆಂಬ ಷರತ್ತೂ 2011ರ ಮಾರ್ಗಸೂಚಿಯಲ್ಲಿತ್ತು. ಮಗು ಉಳಿಯದ ಮನೆಗೆ ಹೋಗಿ ತಾಯಿಯನ್ನು ಸಂತೈಸುವವಳ ಕೂಲಿಗೆ ಇಂಥ ಷರತ್ತು ಹಾಕುವುದು ಅನ್ಯಾಯ.

ಇನ್ನು ನಮ್ಮ ಕಡೆಯ ಪದ್ಧತಿ ನೋಡು. ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಊರಿನ ಆಶಾ ಮೂರು ತಿಂಗಳೊಳಗೆ ಹೆಸರು ಬರೆಸಿ, ತಪಾಸಣೆಗೆ ಕರೆದೊಯ್ದು, ರಕ್ತಹೀನತೆಗೆ ಮಾತ್ರೆ ನುಂಗಿಸಿರುತ್ತಾಳೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಬಸುರಿ ಹೊರಡುತ್ತಾಳೆ, ಅವಳ ನೋಂದಣಿ, ತಪಾಸಣೆಯ ವಿವರ ಇರುವ ತಾಯಿ ಕಾರ್ಡ್ ಬೀರುವಿನಲ್ಲೇ ಉಳಿಯುತ್ತದೆ. ತವರಿನ ಆಸ್ಪತ್ರೆಯಲ್ಲಿ ಹೊಸ ನೋಂದಣಿ ಆಗುತ್ತದೆ, ತಾಯಿ ಮಕ್ಕಳ ಆರೋಗ್ಯ ದಾಖಲಿಸುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಒಬ್ಬಳೇ ಹೆಂಗಸು ಇಬ್ಬರಾಗುತ್ತಾಳೆ. ಮೊದಲಿನವಳ ದಾಖಲೆ ಅರ್ಧಕ್ಕೆ ನಿಲ್ಲುತ್ತದೆ, ಅದರ ಜೊತೆ ಆಶಾಳ ದುಡ್ಡೂ. ಖಾಸಗಿ ನರ್ಸಿಂಗ್ ಹೋಮಿನ ಹೆರಿಗೆಯೂ ಹೀಗೇ ಎಷ್ಟೋ ಸಲ ಪೋರ್ಟಲ್‌ಗೆ ಏರುವುದೇ ಇಲ್ಲ. ಕೆಲಸ ಮಾಡುವುದು ಆಶಾ, ದಾಖಲಿಸುವುದು ಬೇರೆಯವರು, ಕಡಿತ ಮಾತ್ರ ಆಶಾಳಿಗೆ. ಪೋರ್ಟಲ್‌ಗೂ ಪ್ರೋತ್ಸಾಹಧನಕ್ಕೂ ಇರುವ ಈ ಕೊಂಡಿ ಕಳಚಿ ಎಂಬ ಬೇಡಿಕೆ ಹುಟ್ಟಿದ್ದೇ ಇದರಿಂದ, ನನಗದು ನೂರಕ್ಕೆ ನೂರು ಸರಿ ಅನ್ನಿಸುತ್ತದೆ.

ಇದರಲ್ಲಿ ಊರಿನವರ ಕೈಯಲ್ಲಿರುವ ಕೆಲಸ ಸಣ್ಣದಲ್ಲ. ತವರಿಗೆ ಹೋಗುವವಳು ತಾಯಿ ಕಾರ್ಡ್ ಒಯ್ಯಲಿ, ಅದರ ಸಂಖ್ಯೆಯ ಫೋಟೊ ಗಂಡನ ಫೋನಿನಲ್ಲೂ ಇರಲಿ. ಹೆರಿಗೆಯಾದ ದಿನವೇ ಎರಡೂ ಊರಿನ ಆಶಾಗಳಿಗೆ ತಿಳಿಸಲಿ. ಡಿಸ್ಚಾರ್ಜ್ ಚೀಟಿಯ ನಕಲು ಕೊಡಲಿ. ಮನೆಭೇಟಿಯ ನಮೂನೆಗೆ ಸಹಿ ಹಾಕುವಾಗ ತಾರೀಖನ್ನೂ ಬರೆಯಲಿ. ತಾರೀಖಿಲ್ಲದ ನಮೂನೆ ಸುಲಭವಾಗಿ ತಿರಸ್ಕಾರವಾಗುತ್ತದೆ.

ಗ್ರಾಮಸಭೆಯ ನಿರ್ಣಯದಲ್ಲಿ 'ಆಶಾಗಳಿಗೆ ನ್ಯಾಯ ಸಿಗಲಿ' ಎಂದಷ್ಟೇ ಬರೆಯಬೇಡಿ, ಅದನ್ನು ಫೈಲಿಗೆ ಸೇರಿಸಿ ಮರೆಯುತ್ತಾರೆ. 10,000 ರೂಪಾಯಿಯ ಖಾತ್ರಿಗೆ ಲಿಖಿತ ಆದೇಶ, ಗೌರವಧನ ಪಾವತಿಗೆ ನಿಗದಿತ ದಿನಾಂಕ, ಖಾಲಿ ಇರುವ ಆಶಾ ಸ್ಥಾನಕ್ಕೆ ನೇಮಕ ಎಂದು ಒಂದೊಂದಾಗಿ ಬರೆಯಿರಿ. ಸ್ಥಾನ ಖಾಲಿ ಬಿಟ್ಟರೆ ಸಾವಿರ ಜನರಿಗೊಬ್ಬಳೆಂಬ ಲೆಕ್ಕ ತಪ್ಪಿ, ಪಕ್ಕದವಳ ಹೆಗಲಿಗೆ ಎರಡು ಊರು ಬೀಳುತ್ತವೆ. ಆಮೇಲೆ ತಪ್ಪಿಹೋಗುವುದು ದೂರದ ಹಟ್ಟಿಯ ಬಾಣಂತಿಯ ಭೇಟಿಯೇ. ಪಿಡಿಒ ಸಹಿಯ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಜಿಲ್ಲಾ ಪಂಚಾಯಿತಿ ಸಿಇಒಗೂ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊ.

ಉತ್ತರ ಬರದಿದ್ದರೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕು. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಕರ್ನಾಟಕದ ನಿಯಮ ಹಾಗಿದೆ. 'ಯಾಕೆ ಕೊಟ್ಟಿಲ್ಲ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ತಿಂಗಳುವಾರು ಎಷ್ಟು ಕ್ಲೇಮು ಬಂತು, ಎಷ್ಟು ಪಾವತಿಯಾಯಿತು ಎಂಬ ದಾಖಲೆಯ ಪ್ರತಿ ಕೇಳು. ಯಾರ ಹೆಸರು, ಖಾತೆ ಸಂಖ್ಯೆಯೂ ಬೇಡ, ವೈಯಕ್ತಿಕ ಮಾಹಿತಿ ಎಂಬ ನೆಪಕ್ಕೆ ಎಡೆಯಾಗುತ್ತದೆ. ಅರ್ಜಿ ನಿನ್ನ ಹೆಸರಿನಲ್ಲಿರಲಿ, ಆಶಾಳ ಹೆಸರಿನಲ್ಲಿ ಬೇಡವೇ ಬೇಡ. ಆಮೇಲೆ ಕಿರುಕುಳ ಉಣ್ಣುವವಳು ಅವಳೇ.

ಮತ್ತೆ ಮುಷ್ಕರ ನಡೆದರೆ ಆ ದಿನಗಳಲ್ಲಿ 'ನಮ್ಮ ಕೆಲಸ ನಿಂತಿತು' ಎಂದು ಯಾರೂ ಅವರನ್ನು ದೂರದಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ದಿನ ತುಂಬಿದ ಬಸುರಿಯರ ಮನೆಯಲ್ಲಿ 108ಕ್ಕೆ ಕರೆ ಮಾಡುವವರು ಯಾರು, ರಾತ್ರಿ ಜೊತೆಗೆ ಹೋಗುವವರು ಯಾರು ಎಂದು ನಿಗದಿಯಾಗಿರಲಿ. ಗುರುವಾರದ ಲಸಿಕೆಗೆ ಮಕ್ಕಳನ್ನು ಮನೆಯವರೇ ಕರೆದೊಯ್ಯಲಿ. ಕ್ಷಯದ ಮಾತ್ರೆ ತಿನ್ನುವವರು ಮುಗಿಯುವ ಮೊದಲೇ ತಂದಿಟ್ಟುಕೊಳ್ಳಲಿ. ಆಶಾಳ ಕೆಲಸವನ್ನು ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಕಟ್ಟಲು ಬಂದರೆ ಒಪ್ಪಬೇಡಿ, ಅವರದ್ದೂ ಇದೇ ಗೋಳು.

ಸಭೆಯ ದಿನ ಗೊತ್ತಾದ ಕೂಡಲೇ ತಿಳಿಸು, ನಿರ್ಣಯದ ಕರಡು ಕಳಿಸುತ್ತೇನೆ. ಅದಕ್ಕೂ ಮೊದಲು ಒಮ್ಮೆ ನಿಮ್ಮ ಆಶಾಗಳನ್ನೇ ಕೂರಿಸಿಕೊಂಡು, ಯಾವ ತಿಂಗಳ ಯಾವ ದುಡ್ಡು ಬಾಕಿ ಇದೆ ಎಂದು ಕೇಳಿ ಬರೆದುಕೊ.

ನಿನ್ನ ಗೆಳೆಯ