ಸಮುದ್ರಕ್ಕೆ ಅಂಟಿಕೊಂಡು ಹಾರಿದರೆ ಸ್ಪೀಡ್ ಸಿಗೋದಿಲ್ಲ

ಸಂಪಾದಕರೇ,

ಯುದ್ಧವಿಮಾನದ ಸಿಮ್ಯುಲೇಟರ್ ಗೇಮ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕನ್ನಡ ಪತ್ರಿಕೆಯಲ್ಲಿ ಇಂಥ ವಿಷಯ ಬರೋದೇ ಅಪರೂಪ, ಖುಷಿಯಾಯಿತು. ಆದರೆ ಅದರಲ್ಲಿ ಒಂದು ಮಾತನ್ನು ಸುಮ್ನೆ ಬಿಡೋಕಾಗಲ್ಲ. ಸಮುದ್ರದ ಮೇಲೆ ತೀರಾ ಕೆಳಗೆ ಹಾರಿದರೆ ಗ್ರೌಂಡ್ ಎಫೆಕ್ಟ್‌ನಿಂದ (ನೆಲ ಅಥವಾ ನೀರು ಹತ್ತಿರವಿದ್ದಾಗ ರೆಕ್ಕೆಯ ಸುತ್ತಲಿನ ಗಾಳಿಯಲ್ಲಿ ಆಗುವ ಬದಲಾವಣೆ) ವೇಗ ಹೆಚ್ಚುತ್ತದೆ, ಬೆನ್ನು ಹತ್ತಿದ ಶತ್ರುವಿನಿಂದ ಪಾರಾಗಬಹುದು ಎಂದು ಬರೆದಿದ್ದೀರಿ. ಆನ್‌ಲೈನ್‌ನಲ್ಲಿ ಆಡುವ ಹುಡುಗರೂ ಇದನ್ನೇ ಮಂತ್ರದ ಹಾಗೆ ಹೇಳುತ್ತಾರೆ. ಲೆಕ್ಕ ಹಾಕಿದರೆ ನಿಲ್ಲುವ ಮಾತಲ್ಲ ಇದು.

ರೆಕ್ಕೆಯ ಕೆಳಗಿನ ಗಾಳಿಗೆ ಒತ್ತಡ ಜಾಸ್ತಿ, ಅದು ತುದಿಯಿಂದ ಮೇಲಕ್ಕೆ ಹೊರಳಿ ಸುಳಿಯಾಗುತ್ತದೆ. ಈ ಸುಳಿಗಳಿಂದ ರೆಕ್ಕೆಯ ಸುತ್ತಲಿನ ಗಾಳಿ ಕೆಳಮುಖವಾಗಿ ಬಾಗುತ್ತದೆ. ಆ ಕಾರಣಕ್ಕೆ ಹುಟ್ಟುವ ಎಳೆತವೇ ಇಂಡ್ಯೂಸ್ಡ್ ಡ್ರ್ಯಾಗ್. ನೆಲ ಹತ್ತಿರ ಬಂದಾಗ ಸುಳಿಗೆ ಪೂರ್ತಿ ಹರಡಲು ಜಾಗ ಇರೋದಿಲ್ಲ, ಗಾಳಿ ಅಷ್ಟು ಬಾಗೋದಿಲ್ಲ, ಹಾಗಾಗಿ ಆ ಡ್ರ್ಯಾಗ್ ಇಳಿಯುತ್ತದೆ. ನೀವು ಬರೆದ 'ಗಾಳಿಯ ಮೆತ್ತೆ' ಕೇಳೋಕೆ ಚೆನ್ನಾಗಿದೆ, ಆದರೆ ಅದರಿಂದ ಓದುಗರು ಬರೀ ಮೇಲಕ್ಕೆ ತಳ್ಳುವ ಬಲವನ್ನೇ ಹುಡುಕುತ್ತಾರೆ.

ಎಷ್ಟು ಇಳಿಯುತ್ತದೆ? ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಪೈಲಟ್ ಕೈಪಿಡಿಯಲ್ಲಿ ಅಂಕಿಗಳಿವೆ. ರೆಕ್ಕೆಯ ಹರವು, ಅಂದರೆ ತುದಿಯಿಂದ ತುದಿಗೆ ಇರುವ ಉದ್ದ, ಅಷ್ಟೇ ಎತ್ತರದಲ್ಲಿ ಇಂಡ್ಯೂಸ್ಡ್ ಡ್ರ್ಯಾಗ್ ಕಡಿಮೆಯಾಗುವುದು ಬರೀ ಶೇ 1.4. ಹರವಿನ ಕಾಲು ಭಾಗಕ್ಕೆ ಇಳಿದರೆ ಶೇ 23.5, ಹತ್ತನೇ ಒಂದು ಭಾಗಕ್ಕೆ ಬಂದರೆ ಶೇ 47.6. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ತಗೊಳ್ಳಿ, ಹರವು ಸುಮಾರು 11.2 ಮೀಟರ್. ಅರ್ಧದಷ್ಟು ಲಾಭ ಬೇಕಾದರೆ ರೆಕ್ಕೆ ನೀರಿನಿಂದ ಒಂದು ಮೀಟರ್ ಚಿಲ್ಲರೆ ಎತ್ತರದಲ್ಲಿರಬೇಕು, ಆಗ ಪ್ರೊಪೆಲರ್ ನೀರಿಗೆ ಬಡಿಯೋದೊಂದು ಬಾಕಿ. ಹೋಗಲಿ, ಹರವಿನ ಕಾಲು ಭಾಗ, ಅಂದರೆ 2.8 ಮೀಟರ್‌ನಲ್ಲಿ ಹಾರಿದಿರಿ ಅನ್ನೋಣ. ಇಲ್ಲೇ ಇರೋದು ವಿಷಯ. ಇಂಡ್ಯೂಸ್ಡ್ ಡ್ರ್ಯಾಗ್ ವೇಗ ಹೆಚ್ಚಿದಂತೆ ಕುಸಿಯುತ್ತದೆ, ವೇಗ ಎರಡು ಪಟ್ಟಾದರೆ ಅದು ಕಾಲು ಭಾಗ. ನನ್ನ ಅಂದಾಜಿನ ಲೆಕ್ಕದಲ್ಲಿ ಸ್ಪಿಟ್‌ಫೈರ್ ಗಂಟೆಗೆ 150 ಕಿ.ಮೀ. ವೇಗದಲ್ಲಿ ಇಳಿಯುವಾಗ ಒಟ್ಟು ಡ್ರ್ಯಾಗ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಇರುತ್ತದೆ, 500ರಲ್ಲಿ ಓಡುವಾಗ ಶೇ 5ರ ಆಸುಪಾಸು. ಆ ಐದರಲ್ಲಿ ಕಾಲು ಭಾಗ ಉಳಿಸಿದರೆ ಒಟ್ಟು ಉಳಿತಾಯ ಶೇ 1ಕ್ಕೆ ತುಸು ಮೇಲೆ. ವೇಗದಲ್ಲಿ ಅದು ಗಂಟೆಗೆ 2 ಕಿ.ಮೀ. ಆಗಬಹುದು ಅಷ್ಟೇ. ಹಿಂದಿರುವ ಜರ್ಮನ್ ಮೆಸರ್‌ಸ್ಮಿಟ್‌ ವಿಮಾನಕ್ಕೆ ಅದು ಗೊತ್ತೂ ಆಗಲ್ಲ! ಕೆಳಗೆ ಹಾರುವುದಕ್ಕೆ ಬೇರೆ ಲಾಭಗಳಿವೆ, ಹೊಟ್ಟೆಯ ಕೆಳಗಿನಿಂದ ಯಾರೂ ದಾಳಿ ಮಾಡೋಕಾಗಲ್ಲ. ಅದನ್ನು ಬರೆದಿದ್ದರೆ ಸರಿಯಿತ್ತು.

ಹಾಗಾಗಿ ಗೇಮ್‌ನಲ್ಲಿ ಗ್ರೌಂಡ್ ಎಫೆಕ್ಟ್ ಪರೀಕ್ಷೆ ಮಾಡೋ ಜಾಗ ಸಮುದ್ರ ಅಲ್ಲ, ರನ್‌ವೇ. ಅಲ್ಲೂ ಜನ ಒಂದೇ ಒಂದನ್ನು ನೋಡುತ್ತಾರೆ. ವಿಮಾನ ಇಳಿಯದೆ ತೇಲಿಕೊಂಡು ಮುಂದೆ ಹೋಯಿತೋ, 'ಅಬ್ಬಾ, ನಿಜದ ಥರಾನೇ ಇದೆ' ಅಂತ ಮೆಚ್ಚಿಕೊಳ್ಳುತ್ತಾರೆ. ತೇಲಿಸೋದು ಬಹಳ ಸುಲಭ ಸ್ವಾಮಿ. ವಿಮಾನದ ಹಾರಾಟವನ್ನು ಲೆಕ್ಕ ಹಾಕುವ ಜೆಎಸ್‌ಬಿಸಿಮ್ ಅನ್ನೋ ತಂತ್ರಾಂಶದ ಕೋಡ್ ಎಲ್ಲರಿಗೂ ತೆರೆದಿದೆ, ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಅದನ್ನೇ ಬಳಸುತ್ತದೆ. ಅದರಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನದ ಫೈಲ್ ತೆರೆದರೆ ಎರಡು ಪುಟ್ಟ ಪಟ್ಟಿಗಳು ಕಾಣುತ್ತವೆ. ಎಡಗಡೆ ಎತ್ತರವನ್ನು ಹರವಿನಿಂದ ಭಾಗಿಸಿದ ಸಂಖ್ಯೆ, ಬಲಗಡೆ ಗುಣಿಸಬೇಕಾದ ಸಂಖ್ಯೆ. ಒಂದು ಪಟ್ಟಿ ಡ್ರ್ಯಾಗ್ ಇಳಿಸುತ್ತದೆ, ಇನ್ನೊಂದು ಲಿಫ್ಟ್, ಅಂದರೆ ಮೇಲಕ್ಕೆತ್ತುವ ಬಲವನ್ನು, ಏರಿಸುತ್ತದೆ. ಮುಗಿಯಿತು, ವಿಮಾನ ತೇಲುತ್ತದೆ. ಫ್ಲೈಟ್‌ಗಿಯರ್ ಯುದ್ಧದ ಗೇಮ್ ಅಲ್ಲ, ನಿಜ. ಡಿಸಿಎಸ್, ಐಎಲ್-2 ಥರದ ಯುದ್ಧವಿಮಾನದ ಗೇಮ್‌ಗಳು ಒಳಗಿನ ಲೆಕ್ಕವನ್ನು ಹೀಗೆ ತೆರೆದಿಡೋದಿಲ್ಲ, ಹಾರಿಸಿಯೇ ಕಂಡುಕೊಳ್ಳಬೇಕು.

ಕಂಡುಕೊಳ್ಳಬೇಕಾದ್ದು ಬಾಲದಲ್ಲಿದೆ. ರೆಕ್ಕೆ ಕೆಳಕ್ಕೆ ಬಗ್ಗಿಸಿದ ಗಾಳಿ ಹಿಂದಿರುವ ಬಾಲಕ್ಕೆ ಬಡಿದು ಅದನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ನೆಲದ ಹತ್ತಿರ ಆ ಒತ್ತು ಸಡಿಲವಾಗುತ್ತದೆ, ಬಾಲ ಏಳುತ್ತದೆ, ಮೂತಿ ಕೆಳಗಾಗುತ್ತದೆ. ಪೈಲಟ್ ಸ್ಟಿಕ್ಕನ್ನು ಇನ್ನಷ್ಟು ಹಿಂದಕ್ಕೆ ಎಳೆಯಬೇಕು. ಡಿಸಿಎಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಕೀ ಹಿಡಿದು ಎಂಟರ್ ಒತ್ತಿದರೆ ಸ್ಟಿಕ್ ಎಲ್ಲಿದೆ ಎಂದು ತೋರಿಸುವ ಸಣ್ಣ ಚೌಕ ಬರುತ್ತದೆ. ಉದ್ದದ ರನ್‌ವೇ ಮೇಲೆ ಚಕ್ರ, ಫ್ಲಾಪ್ (ರೆಕ್ಕೆಯ ಹಿಂಬದಿಯ ಹಲಗೆ) ಇಳಿಸಿ, ಟ್ರಿಮ್ ಮಾಡಿ (ಸ್ಟಿಕ್ ಒತ್ತಿ ಹಿಡಿಯದೆ ಮೂತಿ ನಿಲ್ಲುವಂತೆ ಹೊಂದಿಸಿ), ಥ್ರಾಟಲ್ ಮುಟ್ಟದೆ ನಿಧಾನವಾಗಿ ಇಳಿಯುತ್ತಾ ಬನ್ನಿ. ಕೊನೆಯ ಕೆಲವು ಮೀಟರ್‌ಗಳಲ್ಲಿ ಮೂತಿಯನ್ನು ಇದ್ದಲ್ಲೇ ಇಡಲು ಚೌಕದಲ್ಲಿನ ಗುರುತು ಹಿಂದಕ್ಕೆ ಸರಿಯಬೇಕಾಯಿತಾ? ಸರಿಯಬೇಕಾದರೆ ಯಾರೋ ತಲೆ ಕೆಡಿಸಿಕೊಂಡು ಬರೆದಿದ್ದಾರೆ ಅಂತ. ಸರಿಯದೆ ಬರೀ ತೇಲಿದರೆ ಅಲ್ಲಿರೋದು ಎರಡು ಪಟ್ಟಿ ಅಷ್ಟೇ ಅಂತ ನನ್ನ ಗುಮಾನಿ. (ಮಿರಾಜ್, ತೇಜಸ್ ಥರದ ಡೆಲ್ಟಾ, ಅಂದರೆ ತ್ರಿಕೋನ ರೆಕ್ಕೆಯ ವಿಮಾನಗಳಿಗೆ ಬಾಲದಲ್ಲಿ ಅಡ್ಡರೆಕ್ಕೆಯೇ ಇಲ್ಲ, ಅವುಗಳ ಕಥೆ ಬೇರೆ. ಯಲಹಂಕದ ಏರ್ ಶೋ ನೋಡಿದವರಿಗೆ ಅವು ಮೂತಿ ಎತ್ತಿಕೊಂಡೇ ಇಳಿಯೋದು ಗೊತ್ತು.)

ಇನ್ನೊಂದು ಸಂಗತಿಯನ್ನು ಗೇಮ್‌ಗಳ ಬಗ್ಗೆ ಬರೆಯುವವರು ಮುಟ್ಟುವುದೇ ಇಲ್ಲ. ನೆಲದ ಹತ್ತಿರ ರೆಕ್ಕೆ ಗಾಳಿಗೆ ಒಡ್ಡಿದ ಅದೇ ಕೋನಕ್ಕೆ ಲಿಫ್ಟ್ ಜಾಸ್ತಿ ಸಿಗುತ್ತದೆ, ಆದರೆ ರೆಕ್ಕೆ ಸ್ಟಾಲ್ ಆಗುವ, ಅಂದರೆ ಲಿಫ್ಟ್ ಕುಸಿಯುವ, ಕೋನವೂ ಕಡಿಮೆಯಾಗುತ್ತದೆ. 2011ರ ಏಪ್ರಿಲ್ 2ರಂದು ಅಮೆರಿಕದ ರಾಸ್‌ವೆಲ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜಿ650 ಜೆಟ್ ಪರೀಕ್ಷಾ ಟೇಕಾಫ್‌ನಲ್ಲಿ ಬಿದ್ದು ನಾಲ್ವರು ಸತ್ತರು. ನೆಲದ ಹತ್ತಿರ ರೆಕ್ಕೆ ಯಾವ ಕೋನದಲ್ಲಿ ಸ್ಟಾಲ್ ಆಗುತ್ತದೆ ಎಂಬ ಲೆಕ್ಕ ತಪ್ಪಿತ್ತು, ಎಚ್ಚರಿಕೆ ಬರುವ ಮೊದಲೇ ಬಲ ರೆಕ್ಕೆ ಸ್ಟಾಲ್ ಆಯಿತು ಎಂದು ತನಿಖೆಯಲ್ಲಿ ಹೊರಬಂತು. ನಿಜವಾದ ವಿಮಾನ ಕಟ್ಟುವವರೇ ಎಡವಿದ ಜಾಗ ಇದು. ಬಾಂಬ್, ಪೂರ್ತಿ ಪೆಟ್ರೋಲ್ ಹೊತ್ತ ವಿಮಾನವನ್ನು ಗೇಮ್‌ನಲ್ಲಿ ಮೂತಿ ಎಳೆದು ಬೇಗ ಎಬ್ಬಿಸಿದಾಗ ಗ್ರೌಂಡ್ ಎಫೆಕ್ಟ್ ಬರೀ ಸಹಾಯವನ್ನೇ ಮಾಡುತ್ತಿದ್ದರೆ ಸ್ವಲ್ಪ ಅನುಮಾನಪಡಿ.

ಮುಂದಿನ ಕಂತು ಹೆಲಿಕಾಪ್ಟರ್ ಗೇಮ್‌ಗಳ ಬಗ್ಗೆ ಎಂದು ಹಾಕಿದ್ದೀರಿ. ಹೆಲಿಕಾಪ್ಟರ್‌ಗೂ ಗ್ರೌಂಡ್ ಎಫೆಕ್ಟ್ ಇದೆ, ದಯವಿಟ್ಟು ಬರೆಯುವವರಿಗೆ ಒಂದು ಕೆಲಸ ಹೇಳಿ. ಹ್ಯೂಯಿ ಹೆಲಿಕಾಪ್ಟರ್‌ನ ರೋಟರ್ ಅಗಲ 14.6 ಮೀಟರ್. ಅದನ್ನು ಭರ್ತಿ ತೂಕದಲ್ಲಿ ಒಂದು ಮೀಟರ್ ಎತ್ತರದಲ್ಲಿ ನಿಲ್ಲಿಸಿ ಎಂಜಿನ್ ಎಷ್ಟು ಶ್ರಮಪಡುತ್ತಿದೆ ಎಂದು ತೋರಿಸುವ ಟಾರ್ಕ್ ಮುಳ್ಳು ಎಲ್ಲಿದೆ ಅಂತ ಬರೆದುಕೊಳ್ಳಲಿ, ಆಮೇಲೆ 20 ಮೀಟರ್‌ಗೆ ಏರಿಸಿ ಅಲ್ಲೇ ನಿಲ್ಲಿಸಿ ಮತ್ತೆ ನೋಡಲಿ. ಎರಡು ಅಂಕಿಗಳನ್ನೂ ಲೇಖನದಲ್ಲಿ ಹಾಕಿ. 'ಅದ್ಭುತ ಅನುಭವ' ಅನ್ನೋ ಮಾತಿಗಿಂತ ನಮಗೆ ಅದು ಬೇಕು.

— ನಿಮ್ಮ ಓದುಗ, ಮೈಸೂರು