ಬೈಲಕುಪ್ಪೆಯ ಸಭೆಗೆ ಜೊತೆಯಾದ ಎಲ್ಲರಿಗೂ

ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳ ಅಂಗವಿಕಲರು ಮೊದಲ ಸಲ ತಾವೇ ಮೈಕ್ ಹಿಡಿದು ಮಾತಾಡಿದರು. ಇಷ್ಟು ಕಾಲ ಅವರ ಪರವಾಗಿ ಮಗನೋ, ಸೊಸೆಯೋ, ಇಲ್ಲ ನನ್ನಂಥ ಕಾರ್ಯಕರ್ತರೋ ಮಾತಾಡುತ್ತಿದ್ದೆವು. ಕಳೆದ ಭಾನುವಾರದ ಈ ಸಭೆಗೆ ಕೈಜೋಡಿಸಿದ ನಿಮ್ಮೆಲ್ಲರಿಗೂ ಮನಸ್ಸು ತುಂಬಿ ನಮಸ್ಕಾರ.

ಮೊದಲ ನಮಸ್ಕಾರ ಒಬ್ಬ ಮೋಲಾಗೆ. ಟಿಬೆಟನ್ನರು ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಚಳಿಗಾಲದಲ್ಲಿ ಮನೆಯವರು ಸ್ವೆಟರ್ ವ್ಯಾಪಾರಕ್ಕೆ ದೂರದ ಊರುಗಳಿಗೆ ಹೋಗುತ್ತಾರೆ. ಆ ತಿಂಗಳುಗಳಲ್ಲಿ ತನ್ನನ್ನು ಶೌಚಾಲಯಕ್ಕೆ ಕರೆದೊಯ್ಯುವವರೇ ಇರುವುದಿಲ್ಲ ಎಂದು ಅವರು ಎಲ್ಲರೆದುರು ಹೇಳಿದರು. ಇದನ್ನು ಹೇಳೋಕೆ ಎಷ್ಟು ಧೈರ್ಯ ಬೇಕು, ಅಲ್ವಾ? ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಆರ್‌ಸಿ, ಅಂದರೆ ಇಲ್ಲಿರುವ ಟಿಬೆಟನ್ನರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ, ಅದರ ನವೀಕರಣಕ್ಕೆ ಒಂದು ಓಡಾಟ, ಅಂಗವಿಕಲತೆಯ ಸರ್ಟಿಫಿಕೇಟ್‌ಗೆ ಇನ್ನೊಂದು. ಗಾಲಿಕುರ್ಚಿಯವರಿಗೆ ಕಚೇರಿಯ ಮೆಟ್ಟಿಲೇ ದೊಡ್ಡ ಗೋಡೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ. ಆದರೆ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಪ್ಪಂದವನ್ನು 2007ರಲ್ಲೇ ಒಪ್ಪಿಕೊಂಡಿದೆ. ಇದನ್ನು ಸರಳವಾಗಿ ವಿವರಿಸಿಕೊಟ್ಟ ಮೈಸೂರಿನ ವಕೀಲರಿಗೆ ನಾವು ಋಣಿಗಳು. ನಿರಾಶ್ರಿತರಿಗೆ ಸಿಗುವುದೆಲ್ಲ ದಯೆಯಿಂದ ಎಂದುಕೊಂಡವರಿಗೆ, ಕೇಳುವ ಹಕ್ಕೂ ಇದೆ ಎಂದು ಅವರು ತೋರಿಸಿದರು.

ಸಿರಿಯಾದಿಂದ ಜರ್ಮನಿಗೆ ಗಾಲಿಕುರ್ಚಿಯಲ್ಲೇ ಹೋದ ನುಜೀನ್ ಮುಸ್ತಫಾ 2019ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಮಾತಾಡಿದ್ದರು. ಆ ವಿಷಯ ತಿಳಿದ ಕ್ಯಾಂಪಿನ ಒಬ್ಬ ಹುಡುಗಿ, ‘ಹಾಗಾದರೆ ನಾನೂ ಮಾತಾಡ್ತೀನಿ’ ಎಂದಳು. ಕನ್ನಡದಲ್ಲೇ ಮಾತಾಡಿದಳು. ಪಿರಿಯಾಪಟ್ಟಣದಿಂದ ಬಂದಿದ್ದ ನಮ್ಮ ಕಡೆಯ ಅಂಗವಿಕಲರಿಗೂ ಅವಳ ಮಾತು ತಮ್ಮದೇ ಅನ್ನಿಸಿತು.

ಒಂದೊಂದು ಕ್ಯಾಂಪಿಗೂ ಹೋಗಿ ಜನರನ್ನು ಕರೆತಂದ ಕುಶಾಲನಗರದ ಆಟೋ ಅಣ್ಣಂದಿರೇ, ನಿಮ್ಮನ್ನು ಮರೆಯುವ ಹಾಗಿಲ್ಲ. ಬಾಡಿಗೆ ಕೊಡಲು ಹೋದರೆ ಸುಮ್ನೆ ನಕ್ಕು ಹೊರಟುಬಿಟ್ಟಿರಿ. ಬಾಗಿಲಿಗೆ ರ‍್ಯಾಂಪ್ ಹೊಂದಿಸಿಕೊಟ್ಟ ಬಡಗಿಗಳಿಗೂ, ಎರಡು ಭಾಷೆಯ ನಡುವೆ ದಣಿಯದೆ ದುಡಿದ ಯುವ ಭಿಕ್ಷುಗಳಿಗೂ ನಮಸ್ಕಾರ.

ಕ್ಯಾಂಪುಗಳ ಅಂಗವಿಕಲರೇ ಆರಿಸಿದ ಮೂರು ಜನ ಈಗ ಮನವಿಯ ಕಾಗದವನ್ನು ಅಧಿಕಾರಿಗಳಿಗೆ ಕೊಡಲಿದ್ದಾರೆ. ನಾವು ಜೊತೆಗೆ ಹೋಗುತ್ತೇವೆ, ಅಷ್ಟೇ. ಈ ಸಲ ಕಿವಿ ಕೇಳದವರು ಬಂದರೂ ಅವರ ಮಾತು ನಮಗೆ ಪೂರ್ತಿ ತಲುಪಲಿಲ್ಲ. ಸನ್ನೆ ಭಾಷೆ ಬಲ್ಲವರು ಯಾರಾದರೂ ಹತ್ತಿರದಲ್ಲಿದ್ದರೆ ದಯವಿಟ್ಟು ಮುಂದಿನ ಸಭೆಗೆ ಬನ್ನಿ.